‘ಮೈ ಫಾದರ್ ಆರ್’ ಎಂದು ಬರೆಯುವ ಮಗಳು

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಮಗಳು ಕನ್ನಡ ಮೀಡಿಯಂನಲ್ಲಿ ಎಂಟನೇ ಕ್ಲಾಸು. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಬಸ್ಸಲ್ಲಿ ಅಂಗಡಿಯಲ್ಲಿ ಮಲಯಾಳ. ಅವಳ ಇಂಗ್ಲಿಷ್ ನೋಟ್‌ಬುಕ್ಕಿನ ಪುಟ ಪುಟದಲ್ಲೂ ಕೆಂಪು ಗೆರೆ. ಕೆಲವು ವಾಕ್ಯ ಬರೆದು ಕಳಿಸಿದ್ದೇನೆ. ‘ಮೈ ಫಾದರ್ ಆರ್ ಎ ಫಾರ್ಮರ್’, ‘ಫೋರ್ ಬಸಸ್ ಹ್ಯಾಸ್ ಕಮ್’, ‘ಶೀ ವಾಂಟ್ ವಾಟರ್’, ‘ಹೀ ಡೋಂಟ್ ನೋ’, ‘ಶೀ ಹ್ಯಾವ್ ಟೂ ಬ್ರದರ್ಸ್’, ‘ದ ಬಾಯ್ಸ್ ಪ್ಲೇಸ್’, ‘ಒನ್ ಆಫ್ ಮೈ ಫ್ರೆಂಡ್ಸ್ ಆರ್ ಫ್ರಮ್ ಉಪ್ಪಳ’. ಟ್ಯೂಷನ್ ಟೀಚರ್ ‘ಕನ್ನಡದಲ್ಲಿ ಯೋಚನೆ ಮಾಡುವುದನ್ನು ಮೊದಲು ಬಿಡಿಸಿ’ ಅಂತಾರೆ. ಕನ್ನಡ ಮೀಡಿಯಂಗೆ ಹಾಕಿದ್ದೇ ತಪ್ಪಾಯಿತಾ? ಇನ್ನೊಂದು ಸಂಶಯ. ‘ಐ ವಾಸ್’ ಸರಿ ಎಂದು ಕಲಿಸಿ, ಆಮೇಲೆ ‘ಇಫ್ ಐ ವರ್ ಎ ಬರ್ಡ್’ ಎಂದೂ ಕಲಿಸುತ್ತಾರೆ. ಅದು ಹೇಗೆ?

ಉತ್ತರ: ನಿಮ್ಮ ಮಗಳ ವಾಕ್ಯಗಳನ್ನು ಎರಡೆರಡು ಸಲ ಓದಿದೆ. ಒಂದೂ ಸುಮ್ನೆ ಆದ ತಪ್ಪಲ್ಲ. ಹೆಚ್ಚಿನವುಗಳ ಹಿಂದೆ ಕನ್ನಡದ ಒಂದು ನಿಯಮ ಇದೆ. ಆ ನಿಯಮವನ್ನು ಅವಳು ಶಿಸ್ತಾಗಿ ಪಾಲಿಸಿದ್ದಾಳೆ, ಇಂಗ್ಲಿಷಿಗೆ ಅದು ಒಗ್ಗಲಿಲ್ಲ ಅಷ್ಟೆ. ಕನ್ನಡದಲ್ಲಿ ಯೋಚನೆ ಮಾಡಬೇಡ ಎಂಬ ಸಲಹೆ ನನಗೆ ಒಪ್ಪಿಗೆ ಇಲ್ಲ. ಎಂಟನೇ ಕ್ಲಾಸಿನ ಹುಡುಗಿ ತನಗೆ ಚೆನ್ನಾಗಿ ಬರುವ ಭಾಷೆ ಬಿಟ್ಟು ಬೇರೆ ಯಾವುದರಲ್ಲಿ ಯೋಚನೆ ಮಾಡಬೇಕು? ಕನ್ನಡದಲ್ಲೇ ಮಾಡಲಿ. ಇಂಗ್ಲಿಷ್ ಎಲ್ಲಿ ಬೇರೆ ದಾರಿ ಹಿಡಿಯುತ್ತದೆ ಎಂದು ಅವಳಿಗೆ ಯಾರಾದರೂ ತೋರಿಸಬೇಕು.

ಮೊದಲು ಇಂಗ್ಲಿಷಿನ ನಿಯಮ ಎಷ್ಟು ಚಿಕ್ಕದು ನೋಡಿ. ಈಗ ನಡೆಯುವ, ದಿನವೂ ನಡೆಯುವ ಕೆಲಸದ ಮಾತಿನಲ್ಲಿ, ಕರ್ತೃ ಒಬ್ಬನೋ ಒಬ್ಬಳೋ ಒಂದೋ ಆಗಿದ್ದರೆ ಕ್ರಿಯಾಪದಕ್ಕೆ ‘ಎಸ್’ ಸೇರುತ್ತದೆ. ‘ಐ’ ಮತ್ತು ‘ಯೂ’ ಈ ಲೆಕ್ಕದಿಂದ ಹೊರಗೆ. ‘ಹ್ಯಾವ್’ ಇದ್ದದ್ದು ‘ಹ್ಯಾಸ್’ ಆಗುತ್ತದೆ, ‘ಡೂ’ ಇದ್ದದ್ದು ‘ಡಸ್’ ಆಗುತ್ತದೆ. ‘ಬೀ’ ಕ್ರಿಯಾಪದ ಒಂದಕ್ಕೆ ಮಾತ್ರ ಆ್ಯಮ್, ಈಸ್, ಆರ್, ವಾಸ್, ವರ್ ಎಂದು ಜಾಸ್ತಿ ರೂಪಗಳು. ನಡೆದುಹೋದ ಕೆಲಸಕ್ಕೆ ವಾಸ್–ವರ್ ಬಿಟ್ಟರೆ ಯಾವ ಬದಲಾವಣೆಯೂ ಇಲ್ಲ. ‘ವೆಂಟ್’ ಎಂದರೆ ಎಲ್ಲರಿಗೂ ‘ವೆಂಟ್’. ಕ್ಯಾನ್, ವಿಲ್, ಮಸ್ಟ್ ಯಾವತ್ತೂ ಬದಲಾಗುವುದಿಲ್ಲ.

ಕನ್ನಡದಲ್ಲೋ? ನಾನು ಹೋಗುತ್ತೇನೆ, ನೀನು ಹೋಗುತ್ತೀಯ, ಅವನು ಹೋಗುತ್ತಾನೆ, ಅವಳು ಹೋಗುತ್ತಾಳೆ, ಅದು ಹೋಗುತ್ತದೆ, ನಾವು ಹೋಗುತ್ತೇವೆ, ಅವರು ಹೋಗುತ್ತಾರೆ, ಅವು ಹೋಗುತ್ತವೆ. ಗಂಡು ಹೆಣ್ಣು ಎಂಬುದನ್ನೂ ಕ್ರಿಯಾಪದವೇ ಹೇಳಿಬಿಡುತ್ತದೆ. ಇಷ್ಟನ್ನು ಶಾಲೆಗೆ ಸೇರುವ ಮೊದಲೇ ಯಾರೂ ಕಲಿಸದೆ ಕಲಿತ ಮಗುವಿಗೆ ಒಂದು ‘ಎಸ್’ ಭಾರ ಆಗಲಿಕ್ಕಿಲ್ಲ. ತುಳುವಿನಲ್ಲೂ ಹಾಗೆಯೇ, ಆಳ್ ಪೋಪಳ್, ಅಕುಲು ಪೋಪೆರ್. ಮಲಯಾಳಕ್ಕೆ ಬನ್ನಿ. ಞಾನ್ ಪೋಕುನ್ನು, ಅವನ್ ಪೋಕುನ್ನು, ಅವರ್ ಪೋಕುನ್ನು. ಎಲ್ಲರಿಗೂ ಒಂದೇ ರೂಪ. ನಮ್ಮ ಕಾಸರಗೋಡಿನ ಮಗು ಈ ಎರಡು ತುದಿಗಳನ್ನೂ ದಿನವೂ ಕೇಳುತ್ತದೆ. ಇಂಗ್ಲಿಷ್ ಇವೆರಡರ ನಡುವೆ ಎಲ್ಲೋ ನಿಂತಿದೆ, ಮಲಯಾಳದ ಕಡೆಗೆ ಸ್ವಲ್ಪ ಜಾಸ್ತಿ ವಾಲಿಕೊಂಡು.

ಇಂಗ್ಲಿಷ್ ಮೊದಲಿನಿಂದಲೂ ಹೀಗಿರಲಿಲ್ಲ. ಸಾವಿರ ವರ್ಷದ ಹಿಂದೆ ಅದರ ಕ್ರಿಯಾಪದಕ್ಕೂ ನಮ್ಮ ಹಾಗೆ ಬೇರೆ ಬೇರೆ ಕೊನೆಗಳಿದ್ದವು. ಹಾಡುವುದಕ್ಕೆ ನಾನು ಎಂದರೆ ‘ಸಿಂಗೆ’, ನೀನು ಎಂದರೆ ‘ಸಿಂಗೆಸ್ಟ್’, ಅವನು ಎಂದರೆ ‘ಸಿಂಗೆತ್’, ಅವರು ಎಂದರೆ ‘ಸಿಂಗತ್’. ಕಾಲ ಹೋದಂತೆ ಒಂದೊಂದೇ ಉದುರಿದವು. 1611ರ ಇಂಗ್ಲಿಷ್ ಬೈಬಲ್ಲಿನಲ್ಲಿ ಇನ್ನೂ ‘ಗೋಯೆತ್’, ‘ಮೇಕೆತ್’ ಎಂದೇ ಇದೆ. ಆ ‘ಎತ್’ ಇದ್ದ ಜಾಗಕ್ಕೆ ಇಂಗ್ಲೆಂಡಿನ ಉತ್ತರ ಭಾಗದ ಆಡುಮಾತಿನಿಂದ ‘ಎಸ್’ ಬಂದು ಕೂತಿತು. ಉಳಿದವೆಲ್ಲ ಹೋದವು, ಇದೊಂದು ಉಳಿಯಿತು. ಯಾಕೆ ಉಳಿಯಿತು ಎಂದು ಮಗಳು ಕೇಳಿದರೆ ‘ಹಾಗೆ ಬಳಕೆಯಾಯಿತು’ ಎನ್ನಿ. ಅದರಲ್ಲಿ ತರ್ಕ ಹುಡುಕಲು ಹೊರಟರೆ ತಲೆ ಕೆಡುತ್ತದೆ.

ಈಗ ಅವಳ ವಾಕ್ಯಗಳಿಗೆ ಬರೋಣ. ನನಗೆ ತುಂಬಾ ಇಷ್ಟವಾದದ್ದು ‘ಮೈ ಫಾದರ್ ಆರ್ ಎ ಫಾರ್ಮರ್’. ಅಪ್ಪ ಬಂದ ಎಂದು ನಿಮ್ಮ ಮಗಳು ಹೇಳುವುದಿಲ್ಲ, ಅಲ್ವಾ? ಅಪ್ಪ ಬಂದರು ಎನ್ನುತ್ತಾಳೆ. ಮನುಷ್ಯ ಒಬ್ಬರೇ, ಕ್ರಿಯಾಪದ ಮಾತ್ರ ಬಹುವಚನ. ತುಳುವಿನಲ್ಲೂ ಆರ್ ಬತ್ತೆರ್, ಅಕುಲು ಬತ್ತೆರ್. ಗೌರವದ ಒಬ್ಬರಿಗೂ ಹತ್ತು ಜನರಿಗೂ ಕ್ರಿಯಾಪದದ ಕೊನೆ ಒಂದೇ. ಹಾಗಾಗಿ ಅಪ್ಪ, ಅಜ್ಜಿ, ಟೀಚರ್, ಹೆಡ್‌ಮಾಸ್ಟರ್ ಎಂದ ಕೂಡಲೇ ಅವಳ ಮನಸ್ಸು ಬಹುವಚನಕ್ಕೆ ತಿರುಗುತ್ತದೆ. ‘ಅವರ್ ಟೀಚರ್ ಹ್ಯಾವ್ ಟೋಲ್ಡ್’ ಎಂಬುದೂ ಆ ನೋಟ್‌ಬುಕ್ಕಿನಲ್ಲಿ ಎಲ್ಲಾದರೂ ಇದ್ದೀತು, ಹುಡುಕಿ ನೋಡಿ. ಮಲಯಾಳ ಮನೆಮಾತಿನ ಮಗು ಈ ತಪ್ಪು ಮಾಡುವುದು ಅಪರೂಪ. ಅಲ್ಲಿ ಅಚ್ಛನ್ ವನ್ನು ಎನ್ನುವುದಕ್ಕೂ ಅವರ್ ವನ್ನು ಎನ್ನುವುದಕ್ಕೂ ಕ್ರಿಯಾಪದ ಒಂದೇ ತಾನೆ.

ಇಂಗ್ಲಿಷಿನ ಕ್ರಿಯಾಪದಕ್ಕೆ ಮರ್ಯಾದೆ ಗೊತ್ತಿಲ್ಲ, ತಲೆ ಎಣಿಸುವುದು ಮಾತ್ರ ಗೊತ್ತು. ರಾಷ್ಟ್ರಪತಿ ಬಂದರೂ ‘ಹ್ಯಾಸ್ ಕಮ್’, ಬೆಕ್ಕು ಬಂದರೂ ‘ಹ್ಯಾಸ್ ಕಮ್’. ಮಗಳಿಗೆ ಇದನ್ನು ಒತ್ತಿ ಹೇಳಬೇಕು, ಯಾಕೆಂದರೆ ಅಪ್ಪನಿಗೆ ‘ಈಸ್’ ಎಂದು ಬರೆಯುವಾಗ ಏನೋ ಅಗೌರವ ಮಾಡಿದ ಹಾಗೆ ಮಕ್ಕಳಿಗೆ ಅನಿಸುತ್ತದೆ. ಒಂದು ಕಡೆ ಮಾತ್ರ ಇಂಗ್ಲಿಷಿನಲ್ಲೂ ಮರ್ಯಾದೆಯ ಬಹುವಚನ ಉಳಿದಿದೆ, ‘ಯೂ’ ಎಂಬಲ್ಲಿ. ಹಿಂದೆ ‘ನೀನು’ ಎನ್ನಲು ‘ದೌ’ ಇತ್ತು, ‘ನೀವು’ ಎನ್ನಲು ‘ಯೂ’. ದೊಡ್ಡವರು ಒಬ್ಬರೇ ಇದ್ದರೂ ‘ಯೂ’ ಎಂದು ಕರೆಯುವ ರೂಢಿ ಬಂತು. ಆಮೇಲೆ ಎಲ್ಲರಿಗೂ ‘ಯೂ’ ಆಯಿತು, ‘ದೌ’ ಮಾಯವಾಯಿತು. ಅದಕ್ಕೇ ಎದುರಿಗೆ ಒಬ್ಬಳೇ ಪುಟ್ಟ ಹುಡುಗಿ ನಿಂತಿದ್ದರೂ ‘ಯೂ ಆರ್’ ಎನ್ನಬೇಕು. ‘ನೀವು ಇದ್ದೀರಿ’ ಎಂದ ಹಾಗೆಯೇ.

‘ಫೋರ್ ಬಸಸ್ ಹ್ಯಾಸ್ ಕಮ್’ ಎಂಬುದು ಇದಕ್ಕೆ ಉಲ್ಟಾ. ಮಾತಿನಲ್ಲಿ ನಾವು ನಾಲ್ಕು ಬಸ್ಸು ಬಂತು, ಹತ್ತು ತೆಂಗಿನಕಾಯಿ ಬಿತ್ತು ಎನ್ನುತ್ತೇವೆ. ನಾಲ್ಕು ಬಸ್ಸುಗಳು ಬಂದವು ಎನ್ನುವುದು ಪುಸ್ತಕದ ಕನ್ನಡ. ಜೀವವಿಲ್ಲದ ವಸ್ತುವಿಗೆ ಎಣಿಕೆಯ ಪದವೇ ಸಾಕು, ಕ್ರಿಯಾಪದ ಏಕವಚನದಲ್ಲೇ ಉಳಿಯುತ್ತದೆ. ಇಂಗ್ಲಿಷಿನಲ್ಲಿ ಹಾಗಾಗುವುದಿಲ್ಲ, ‘ಫೋರ್ ಬಸಸ್ ಹ್ಯಾವ್ ಕಮ್’ ಎನ್ನಬೇಕು. ಆದರೆ ಹಣ, ದೂರ, ಸಮಯವನ್ನು ಒಂದೇ ಗಂಟಾಗಿ ನೋಡುವಾಗ ಇಂಗ್ಲಿಷ್ ಕೂಡ ನಮ್ಮ ದಾರಿಗೆ ಬರುತ್ತದೆ. ‘ಫೈವ್ ಹಂಡ್ರೆಡ್ ರುಪೀಸ್ ಈಸ್ ಇನಫ್’, ‘ಟೆನ್ ಕಿಲೋಮೀಟರ್ಸ್ ಈಸ್ ಎ ಲಾಂಗ್ ವಾಕ್’.

‘ಶೀ ವಾಂಟ್’, ‘ಹೀ ಡೋಂಟ್ ನೋ’, ‘ಶೀ ಹ್ಯಾವ್’ ಈ ಮೂರೂ ಒಂದೇ ಜಾತಿಯವು. ನನ್ನ ಪ್ರಕಾರ ನಮ್ಮ ಮಕ್ಕಳಿಗೆ ಜಾಸ್ತಿ ಕಾಡುವುದು ಇವೇ, ಆದರೆ ಪಾಠಪುಸ್ತಕ ಇದರ ಬಗ್ಗೆ ಮಾತೇ ಆಡುವುದಿಲ್ಲ. ಕನ್ನಡದ ಕ್ರಿಯಾಪದ ಕರ್ತೃವಿನ ಜೊತೆ ಅಷ್ಟು ಚೆನ್ನಾಗಿ ಹೊಂದಿಕೊಳ್ಳುತ್ತದೆ ಎಂದೆನಲ್ಲ. ಕೆಲವು ಕಡೆ ಅದು ಪೂರ್ತಿ ಸುಮ್ಮನಿರುತ್ತದೆ. ಬೇಕು, ಬೇಡ, ಸಾಕು, ಗೊತ್ತು, ಇಷ್ಟ. ನನಗೆ ನೀರು ಬೇಕು, ಅವಳಿಗೆ ನೀರು ಬೇಕು, ಅವರಿಗೆ ನೀರು ಬೇಕು. ಏನಾದರೂ ಬದಲಾಯಿತಾ? ಇಲ್ಲ. ಹಾಗಿರುವಾಗ ‘ವಾಂಟ್’ ಬದಲಾಗಬೇಕು ಎಂದು ಮಗುವಿಗೆ ಹೇಗೆ ಹೊಳೆಯಬೇಕು? ವಾಂಟ್, ನೋ, ಲೈಕ್, ನೀಡ್ ಈ ನಾಲ್ಕರಲ್ಲಿ ‘ಎಸ್’ ಬಿಟ್ಟುಹೋಗುವಷ್ಟು ಈಟ್, ಗೋ, ಕಮ್‌ಗಳಲ್ಲಿ ಬಿಟ್ಟುಹೋಗುವುದಿಲ್ಲ. ನೋಟ್‌ಬುಕ್ಕಿನ ಕೆಂಪು ಗೆರೆಗಳನ್ನು ಒಮ್ಮೆ ಹೀಗೆ ವಿಂಗಡಿಸಿ ನೋಡಿ.

‘ಇಲ್ಲ’ ಎಂಬುದೂ ಹಾಗೆಯೇ. ನಾನು ಬರುವುದಿಲ್ಲ, ಅವನು ಬರುವುದಿಲ್ಲ, ಅವರು ಬರುವುದಿಲ್ಲ. ‘ಇಲ್ಲ’ ಬಂದ ಕೂಡಲೇ ಕನ್ನಡದಲ್ಲಿ ಹೊಂದಾಣಿಕೆ ಅಳಿಸಿಹೋಗುತ್ತದೆ. ಆದ್ದರಿಂದ ‘ಹೀ ನೋಸ್’ ಎಂದು ಸರಿಯಾಗಿ ಬರೆಯುವ ಮಗುವೇ ಮುಂದಿನ ಸಾಲಿನಲ್ಲಿ ‘ಹೀ ಡೋಂಟ್ ನೋ’ ಎಂದು ಬರೆಯುತ್ತದೆ. ಅಲ್ಲಿ ‘ಡಸಂಟ್’ ಬೇಕು. ಅದನ್ನು ತಿದ್ದಿದರೆ ಇನ್ನೊಂದು ತಪ್ಪು ತಲೆ ಎತ್ತುತ್ತದೆ, ‘ಹೀ ಡಸಂಟ್ ನೋಸ್’. ಮನೆಗೆ ಒಂದೇ ಕೊಡೆ ಇದ್ದ ಹಾಗೆ ಈ ‘ಎಸ್’. ಮೊದಲು ಹೊರಟವರು ಹಿಡಿದುಕೊಂಡು ಹೋದರೆ ಹಿಂದಿನವರಿಗೆ ಇಲ್ಲ. ‘ಡಸ್’ ಮುಂದೆ ಬಂದು ‘ಎಸ್’ ತೆಗೆದುಕೊಂಡಿತು ಎಂದಾದ ಮೇಲೆ ‘ನೋ’ ಬರಿಗೈಯಲ್ಲಿ ಹೋಗಬೇಕು. ‘ಡಸ್ ಶೀ ಗೋ’ ಎಂದು ಪ್ರಶ್ನೆ ಕೇಳುವಾಗಲೂ ಇದೇ ಲೆಕ್ಕ.

‘ಶೀ ಹ್ಯಾವ್ ಟೂ ಬ್ರದರ್ಸ್’ ಸ್ವಲ್ಪ ಸೂಕ್ಷ್ಮ. ಕನ್ನಡದಲ್ಲಿ ಅವಳಿಗೆ ಇಬ್ಬರು ಅಣ್ಣಂದಿರಿದ್ದಾರೆ ಎನ್ನುತ್ತೇವೆ. ಇಲ್ಲಿ ಕ್ರಿಯಾಪದ ಹೊಂದಿಕೊಂಡದ್ದು ಅಣ್ಣಂದಿರ ಜೊತೆ, ಅವಳ ಜೊತೆ ಅಲ್ಲ. ಅವಳು ‘ಅವಳಿಗೆ’ ಆಗಿ ಪಕ್ಕಕ್ಕೆ ಸರಿದಿದ್ದಾಳೆ. ಇಂಗ್ಲಿಷಿನಲ್ಲಿ ಯಜಮಾನಿ ‘ಶೀ’. ಅಣ್ಣಂದಿರು ಇಬ್ಬರಿರಲಿ ಇಪ್ಪತ್ತು ಜನ ಇರಲಿ, ‘ಶೀ ಹ್ಯಾಸ್’. ಕನ್ನಡದಲ್ಲಿ ‘ಗೆ’, ‘ಇಗೆ’ ಎಂದು ಕೊನೆಯಾಗುವ ಪದದಿಂದ ಶುರುವಾಗುವ ವಾಕ್ಯ ಕಂಡರೆ ಎಚ್ಚರ ಎಂದು ಮಗಳಿಗೆ ಹೇಳಿಕೊಡಿ. ಬೇಕು, ಗೊತ್ತು, ಇಷ್ಟ, ಇದೆ, ಹಸಿವಾಗುತ್ತದೆ, ನೆನಪಿದೆ ಎಲ್ಲವೂ ಆ ಗುಂಪಿನವೇ. ‘ಅವಳಿಗೆ’ ಎಂಬುದನ್ನು ಇಂಗ್ಲಿಷಿನಲ್ಲಿ ‘ಶೀ’ ಎಂದು ಬರೆದ ಕೂಡಲೇ ಕ್ರಿಯಾಪದಕ್ಕೆ ‘ಎಸ್’ ಇದೆಯಾ ಎಂದು ತಿರುಗಿ ನೋಡಬೇಕು.

‘ದ ಬಾಯ್ಸ್ ಪ್ಲೇಸ್’ ಬೇಗ ಮುಗಿಯುತ್ತದೆ. ನಾಮಪದಕ್ಕೆ ‘ಎಸ್’ ಸೇರಿದರೆ ಬಹುವಚನ, ಹಾಗಾದರೆ ಕ್ರಿಯಾಪದಕ್ಕೂ ಸೇರಬೇಕು ಎಂಬುದು ಅವಳ ಊಹೆ. ಹುಡುಗರು ಎಂದರೆ ಆಡುತ್ತಾರೆ ಎಂದು ಎರಡೂ ಕಡೆ ಬಹುವಚನದ ಗುರುತು ಇರುವ ಭಾಷೆಯಿಂದ ಬಂದವಳಿಗೆ ಅದು ಸಹಜ. ‘ಎಸ್ ಒಂದು ಕಡೆ ಮಾತ್ರ’ ಎಂದು ಅನೇಕ ಟೀಚರುಗಳು ಕಲಿಸುತ್ತಾರೆ. ಅರ್ಧ ದಾರಿಗೆ ಈ ಉಪಾಯ ಸಾಕು. ಚಿಲ್ಡ್ರನ್, ಪೀಪಲ್, ಮೆನ್ ಬಂದರೆ ಕೈಕೊಡುತ್ತದೆ, ಯಾಕೆಂದರೆ ಅಲ್ಲಿ ಎರಡು ಕಡೆಯೂ ‘ಎಸ್’ ಇಲ್ಲ.

ಕೊನೆಯದು ‘ಒನ್ ಆಫ್ ಮೈ ಫ್ರೆಂಡ್ಸ್ ಆರ್’. ಕನ್ನಡ ನಿಜವಾಗಿ ಸಹಾಯಕ್ಕೆ ಬರುವುದು ಇಲ್ಲಿ, ಅದಕ್ಕೇ ಟ್ಯೂಷನ್ ಟೀಚರ ಸಲಹೆ ಕೇಳಿ ನನಗೆ ಬೇಜಾರಾದದ್ದು. ಇಂಗ್ಲಿಷ್ ಮುಖ್ಯ ಪದವನ್ನು ಮೊದಲು ಹೇಳಿ, ವಿವರವನ್ನು ಹಿಂದಿನಿಂದ ಜೋಡಿಸುತ್ತದೆ. ಮೊದಲು ‘ಒನ್’ ಬಂತು, ಆಮೇಲೆ ‘ಆಫ್ ಮೈ ಫ್ರೆಂಡ್ಸ್’ ಬಂತು. ಕ್ರಿಯಾಪದದ ಪಕ್ಕ ಬಂದು ಕೂತದ್ದು ‘ಫ್ರೆಂಡ್ಸ್’, ಮಗುವಿನ ಕಣ್ಣು ಬಿದ್ದದ್ದೂ ಅದರ ಮೇಲೆ. ಕನ್ನಡದಲ್ಲಿ ಮುಖ್ಯ ಪದ ಯಾವಾಗಲೂ ಕೊನೆಗೆ ಬರುತ್ತದೆ. ನನ್ನ ಗೆಳತಿಯರಲ್ಲಿ ಒಬ್ಬಳು ಉಪ್ಪಳದವಳು. ‘ಒಬ್ಬಳು’ ಎಂಬುದು ಕೊನೆಯಲ್ಲಿ ಎದ್ದು ಕಾಣುತ್ತದೆ. ಒಬ್ಬಳು ಎಂದ ಮೇಲೆ ‘ಈಸ್’.

ಇಂಥ ಉದ್ದದ ಕರ್ತೃ ಬಂದಾಗ ಒಮ್ಮೆ ಕನ್ನಡಕ್ಕೆ ತಿರುಗಿಸಿ, ಕೊನೆಗೆ ಬಂದ ಪದ ಯಾವುದು ಎಂದು ನೋಡಲಿ. ‘ದ ಪ್ರೈಸ್ ಆಫ್ ಕೋಕೊನಟ್ಸ್’ ಎಂದರೆ ತೆಂಗಿನಕಾಯಿಗಳ ಬೆಲೆ. ಬೆಲೆ ಒಂದೇ, ‘ಹ್ಯಾಸ್ ಗಾನ್ ಅಪ್’. ‘ದ ವಾಲ್ಸ್ ಆಫ್ ಬೇಕಲ್ ಫೋರ್ಟ್’ ಎಂದರೆ ಬೇಕಲ ಕೋಟೆಯ ಗೋಡೆಗಳು, ಹಾಗಾಗಿ ‘ಆರ್’. ಪರೀಕ್ಷೆಯಲ್ಲಿ ಮಕ್ಕಳನ್ನು ಬೀಳಿಸಲೆಂದೇ ಇಡುವ ಜೋಡಿ ಒಂದಿದೆ, ‘ದ ನಂಬರ್ ಆಫ್ ಸ್ಟೂಡೆಂಟ್ಸ್’ ಮತ್ತು ‘ಎ ನಂಬರ್ ಆಫ್ ಸ್ಟೂಡೆಂಟ್ಸ್’. ಕನ್ನಡದಲ್ಲಿ ಹೇಳಿ ನೋಡಿ. ಮೊದಲನೆಯದು ವಿದ್ಯಾರ್ಥಿಗಳ ಸಂಖ್ಯೆ, ಅದಕ್ಕೆ ‘ಈಸ್’. ಎರಡನೆಯದು ಹಲವು ವಿದ್ಯಾರ್ಥಿಗಳು, ಅದಕ್ಕೆ ‘ಆರ್’. ನಿಯಮ ಬಾಯಿಪಾಠ ಮಾಡಬೇಕಾಗಿಯೇ ಇಲ್ಲ. ‘ಅಲಾಂಗ್ ವಿತ್’ ಕೂಡ ಹೀಗೆಯೇ ಬಗೆಹರಿಯುತ್ತದೆ. ‘ದ ಡ್ರೈವರ್ ಅಲಾಂಗ್ ವಿತ್ ದ ಪ್ಯಾಸೆಂಜರ್ಸ್’ ಎಂದರೆ ಪ್ರಯಾಣಿಕರ ಜೊತೆ ಡ್ರೈವರ್. ಜೊತೆಗೆ ಬಂದವರು ಲೆಕ್ಕಕ್ಕೆ ಇಲ್ಲ, ಡ್ರೈವರ್ ಒಬ್ಬನೇ, ‘ಈಸ್’.

ಒಂದು ಕಡೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ಆಡುವ ಹುಡುಗ, ಆಡುವ ಹುಡುಗರು. ‘ಆಡುವ’ ಎರಡಕ್ಕೂ ಒಂದೇ. ಇಂಗ್ಲಿಷಿನಲ್ಲಿ ‘ದ ಬಾಯ್ ಹೂ ಪ್ಲೇಸ್’, ‘ದ ಬಾಯ್ಸ್ ಹೂ ಪ್ಲೇ’ ಎಂದು ಬೇರೆಯಾಗುತ್ತದೆ. ‘ಹೂ’ ಕಂಡಲ್ಲಿ ಅದರ ಹಿಂದಿನ ಪದ ನೋಡಿ ‘ಎಸ್’ ಹಾಕಬೇಕು.

‘ಎವ್ರಿವನ್’ ಬೇರೆ ಸಮಸ್ಯೆ. ನಮಗೆ ಎಲ್ಲರೂ ಬಂದಿದ್ದಾರೆ, ಪ್ರತಿಯೊಬ್ಬರೂ ಬಂದಿದ್ದಾರೆ. ಇಂಗ್ಲಿಷಿನಲ್ಲಿ ‘ಎವ್ರಿವನ್ ಹ್ಯಾಸ್ ಕಮ್’. ಅದರೊಳಗೆ ‘ವನ್’ ಇದೆ ಎಂದು ತೋರಿಸಿದರೆ ನೆನಪಿಡುತ್ತಾಳೆ. ಎವ್ರಿಬಡಿ, ನೋಬಡಿ, ಈಚ್ ಎಲ್ಲವೂ ಏಕವಚನ. ‘ನ್ಯೂಸ್’, ‘ಮ್ಯಾಥಮ್ಯಾಟಿಕ್ಸ್’ ಕೊನೆಯಲ್ಲಿ ‘ಎಸ್’ ಇದ್ದರೂ ‘ಈಸ್’. ಕತ್ತರಿ ಒಂದೇ ಆದರೂ ‘ಸಿಸರ್ಸ್ ಆರ್’. ‘ಪೊಲೀಸ್ ಆರ್’. ‘ನೈದರ್–ನಾರ್’ ಬಂದರೆ ಕ್ರಿಯಾಪದಕ್ಕೆ ಹತ್ತಿರ ಇರುವವರ ಮಾತು ನಡೆಯುತ್ತದೆ. ಇವೆಲ್ಲ ಪಟ್ಟಿ ಮಾಡಿ ಕಲಿಯುವಂಥವು, ಎಂಟನೇ ಕ್ಲಾಸಿನಲ್ಲಿ ಅವಸರ ಬೇಡ.

‘ಟೀಮ್ ಈಸ್’ ಸರಿಯಾ ‘ಟೀಮ್ ಆರ್’ ಸರಿಯಾ ಎಂದು ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ, ಮುಂದೆ ಕೇಳಿಯೇ ಕೇಳುತ್ತಾಳೆ. ಯಕ್ಷಗಾನ ಮೇಳ ಬಂತು ಎಂದೂ ಹೇಳುತ್ತೇವೆ, ಮೇಳದವರು ಬಂದರು ಎಂದೂ ಹೇಳುತ್ತೇವೆ. ಒಂದರಲ್ಲಿ ಇಡೀ ಗುಂಪು ಕಾಣುತ್ತದೆ, ಇನ್ನೊಂದರಲ್ಲಿ ಅದರೊಳಗಿನ ಜನ. ಇಂಗ್ಲೆಂಡಿನವರು ಒಂದೇ ಪದ ಇಟ್ಟುಕೊಂಡು ಎರಡನ್ನೂ ಹೇಳುತ್ತಾರೆ. ಕ್ರಿಕೆಟ್ ಕಾಮೆಂಟರಿಯಲ್ಲಿ ‘ಇಂಡಿಯಾ ಆರ್ ಬ್ಯಾಟಿಂಗ್’ ಎಂಬುದು ಆ ರೂಢಿ. ಅಮೆರಿಕದವರು ಸಾಮಾನ್ಯವಾಗಿ ‘ಈಸ್’ ಬಿಟ್ಟು ಕದಲುವುದಿಲ್ಲ. ಶಾಲೆಯಲ್ಲಿ ‘ಈಸ್’ ಬರೆದರೆ ಕ್ಷೇಮ.

ಅಭ್ಯಾಸದ ಬಗ್ಗೆ ಒಂದು ಮಾತು. ಮಕ್ಕಳಿಗೆ ‘ಮೈ ಡೈಲಿ ರೊಟೀನ್’ ಬರೆಯಲು ಕೊಡುತ್ತಾರೆ. ಐ ಗೆಟ್ ಅಪ್, ಐ ಬ್ರಷ್, ಐ ಗೋ. ಇಡೀ ಪುಟದಲ್ಲಿ ‘ಎಸ್’ ಬೇಕಾಗುವ ಒಂದು ವಾಕ್ಯವೂ ಇರುವುದಿಲ್ಲ! ಅದರ ಬದಲು ಅಜ್ಜಿಯ ದಿನಚರಿ ಬರೆಯಲಿ. ಏಳುತ್ತಾರೆ, ದನಕ್ಕೆ ಹುಲ್ಲು ಹಾಕುತ್ತಾರೆ, ಅಡಿಕೆ ಸುಲಿಯುತ್ತಾರೆ, ಚಾ ಬೇಕು ಎನ್ನುತ್ತಾರೆ, ಮೊಬೈಲ್ ಅವರಿಗೆ ಇಷ್ಟವಿಲ್ಲ. ಮರ್ಯಾದೆಯ ಬಹುವಚನ, ‘ಬೇಕು’, ‘ಇಷ್ಟ’, ‘ಇಲ್ಲ’ ಎಲ್ಲವೂ ಅದರಲ್ಲಿ ಬಂದೇ ಬರುತ್ತವೆ. ಬರೆದ ಮೇಲೆ ಕ್ರಿಯಾಪದಗಳಿಗೆ ಮಾತ್ರ ಪೆನ್ಸಿಲಿನಲ್ಲಿ ಗೆರೆ ಎಳೆದು, ಒಂದೊಂದಕ್ಕೂ ‘ಯಾರು? ಎಷ್ಟು ಜನ?’ ಎಂದು ಕೇಳಿಕೊಳ್ಳಲಿ. ನಿಮಗೆ ಇಂಗ್ಲಿಷ್ ಬಾರದಿದ್ದರೂ ಪಕ್ಕದಲ್ಲಿ ಕೂತು ಈ ಎರಡು ಪ್ರಶ್ನೆ ಕೇಳಬಹುದು.

ಕನ್ನಡ ಮೀಡಿಯಂ ತಪ್ಪಾಯಿತಾ ಎಂದಿರಿ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಇಲ್ಲಿನ ಮನೆಮನೆಗಳಲ್ಲಿ ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಇದ್ದೇ ಇದೆ. ಅದಕ್ಕೆ ಕಾರಣಗಳು ಬೇರೆ ಬೇರೆ. ಆದರೆ ಈ ಏಳು ವಾಕ್ಯ ನೋಡಿ ಮೀಡಿಯಂ ಬದಲಿಸಬೇಡಿ. ಇಂಗ್ಲಿಷ್ ಮೀಡಿಯಂನಲ್ಲಿ ಓದುವ ನಮ್ಮೂರ ಮಕ್ಕಳೂ ‘ಹೀ ಡೋಂಟ್’ ಎಂದೇ ಹೇಳುತ್ತಾರೆ. ಅವರೂ ಮನೆಯಲ್ಲಿ ‘ಅವನಿಗೆ ಗೊತ್ತಿಲ್ಲ’ ಎಂದು ಕೇಳಿ ಬೆಳೆದವರೇ.

ಇನ್ನು ‘ಇಫ್ ಐ ವರ್’. ನಡೆಯದ, ನಡೆಯಲಾರದ ಮಾತನ್ನು ಊಹಿಸಿ ಹೇಳುವುದಕ್ಕೆ ಇಂಗ್ಲಿಷಿನಲ್ಲಿ ಹಿಂದೆ ಬೇರೆಯೇ ರೂಪ ಇತ್ತು. ಅದರ ಅವಶೇಷ ಈ ‘ವರ್’. ಐ ಇರಲಿ, ಹೀ ಇರಲಿ, ದೇ ಇರಲಿ, ಎಲ್ಲರಿಗೂ ‘ವರ್’. ಕನ್ನಡದಲ್ಲೂ ಹಾಗೆಯೇ ತಾನೆ? ನಾನು ಹಕ್ಕಿಯಾಗಿದ್ದರೆ, ಅವನು ಹಕ್ಕಿಯಾಗಿದ್ದರೆ, ಅವರು ಹಕ್ಕಿಯಾಗಿದ್ದರೆ. ‘ರೆ’ ಬಂದಲ್ಲಿ ಹೊಂದಾಣಿಕೆ ಇಲ್ಲ. ಹಾರೈಕೆಯಲ್ಲೂ ಇಲ್ಲ. ಅವಳು ಬರಲಿ, ಅವರು ಬರಲಿ. ಬ್ರಿಟನ್ನಿನ ರಾಷ್ಟ್ರಗೀತೆಯಲ್ಲಿ ‘ಗಾಡ್ ಸೇವ್ಸ್’ ಎಂದಿಲ್ಲ, ‘ಗಾಡ್ ಸೇವ್ ದ ಕಿಂಗ್’ ಎಂದಿದೆ. ದೇವರು ಕಾಪಾಡುತ್ತಾನೆ ಎಂದಲ್ಲ, ಕಾಪಾಡಲಿ ಎಂದು. ಬಾಯಿಮಾತಿನಲ್ಲಿ ಇಂಗ್ಲಿಷರೇ ಎಷ್ಟೋ ಜನ ‘ಇಫ್ ಐ ವಾಸ್’ ಎನ್ನುತ್ತಾರೆ. ಮಗಳು ಪರೀಕ್ಷೆಯಲ್ಲಿ ಮಾತ್ರ ‘ವರ್’ ಎಂದೇ ಬರೆಯಲಿ.